ಕೆರೆ ನೀರಿಗೆ ಅಂಜುವವರು ಸೂಜಿಗೆ ಅಂಜುವುದಿಲ್ಲ

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ಮೊರಬದಲ್ಲಿ 2018ರ ನವೆಂಬರ್ ಕೊನೆಗೆ ಊರ ಕೆರೆಯಲ್ಲಿ ಒಬ್ಬ ಹೆಣ್ಣುಮಗಳ ಶವ ಸಿಕ್ಕಿತು. ಆಕೆಗೆ ಎಚ್‌ಐವಿ ಇತ್ತು ಎಂಬ ಮಾತು ಅದರ ಬೆನ್ನಿಗೇ ಹಬ್ಬಿತು. 30 ಎಕರೆಗೂ ಮಿಕ್ಕಿದ ಆ ಕೆರೆಯೇ ಊರಿಗೆ ಕುಡಿಯುವ ನೀರು. ಇನ್ನು ಈ ನೀರು ಮುಟ್ಟುವುದಿಲ್ಲ ಎಂದು ಜನ ಪಟ್ಟು ಹಿಡಿದರು. ನೀರಿನಲ್ಲಿ ಈ ವೈರಾಣು ಬದುಕುವುದಿಲ್ಲ ಎಂದು ಆರೋಗ್ಯ ಇಲಾಖೆಯವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೈಪು, ಮೋಟಾರು ಹಚ್ಚಿ ದಿನಗಟ್ಟಲೆ ನೀರು ಹೊರಹಾಕಿದರು. ಹೆಂಗಸರು, ಮಕ್ಕಳು ಕೊಡ ಹಿಡಿದು ದೂರದ ಕಾಲುವೆಗೆ ನಡೆದರು. ಬರಿದಾದ ಕೆರೆಯನ್ನು ಮಲಪ್ರಭಾ ಕಾಲುವೆಯಿಂದ ಮತ್ತೆ ತುಂಬಿಸುವ ಏರ್ಪಾಡಾಯಿತು.

ಪೋಲಾದ ನೀರಿನ ಸಂಕಟ ಒಂದು ಕಡೆ. ನನ್ನನ್ನು ಇವತ್ತಿಗೂ ಕಾಡುವುದು ಬೇರೆ. ಆ ಸೀಮೆಯಲ್ಲಿ ಯಾರಿಗೂ ಹೇಳದೆ ದಿನಾ ರಾತ್ರಿ ಎಚ್‌ಐವಿ ಹತೋಟಿಯ ಎಆರ್‌ಟಿ ಮಾತ್ರೆ ನುಂಗುವವರು ಇದ್ದೇ ಇರುತ್ತಾರೆ. ತಮ್ಮ ಜನ ಒಂದು ಕೆರೆಯನ್ನೇ ಚೆಲ್ಲುವುದನ್ನು ಅವರೂ ನೋಡಿರುತ್ತಾರೆ ಅಥವಾ ಕೇಳಿರುತ್ತಾರೆ. ಅದಾದ ಮೇಲೆ ಅವರಲ್ಲಿ ಯಾರಿಗೆ ತಾನೇ ಅಣ್ಣನಿಗೋ ಅತ್ತಿಗೆಗೋ ನಿಜ ಹೇಳುವ ಧೈರ್ಯ ಬಂದೀತು?

ಮೊರಬದವರನ್ನು ಹಳಿಯುವ ಹಕ್ಕು ರಾಯಚೂರು ಜಿಲ್ಲೆಯ ನಮಗಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರನ್ನೂ ಜೇವರ್ಗಿ–ಚಾಮರಾಜನಗರ ಹೆದ್ದಾರಿ ಒಂದೇ ಎಳೆಯಲ್ಲಿ ಪೋಣಿಸಿದೆ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಕ್ಯಾಂಪುಗಳು, ರೈಸ್ ಮಿಲ್ಲು, ಹಗಲು ರಾತ್ರಿ ಲಾರಿ. ಮಸ್ಕಿಯಲ್ಲಿ ಅಶೋಕನ ಹೆಸರು ಕೊರೆದ ಶಾಸನ. ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಮೊಹರಂ. ನೀರಾವರಿ ಇರುವ ಕಡೆ ನಾಟಿಗೆ ಜನ ಬರುತ್ತಾರೆ. ಖುಷ್ಕಿ ಹಳ್ಳಿಗಳಿಂದ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ನಮ್ಮಲ್ಲೂ ಕಾಲುವೆ ನೀರು ತುಂಬಿಸಿಕೊಂಡ ಕೆರೆಗಳನ್ನೇ ನಂಬಿ ಬದುಕುವ ಊರುಗಳಿವೆ. ಮೊರಬದಲ್ಲಿ ಆದದ್ದು ಇಲ್ಲಿ ಆಗುವುದಿಲ್ಲ ಎಂದು ಎದೆ ತಟ್ಟಿ ಹೇಳುವಂತಿಲ್ಲ.

ಜನ ಕೇಳುವ ಪ್ರಶ್ನೆಗಳನ್ನೇ ನೋಡಿ. ಕಟಿಂಗ್ ಅಂಗಡ್ಯಾಗ ಬ್ಲೇಡ್ ತಾಕಿ ರಕ್ತ ಬಂತು, ಏನಾರ ಆಗ್ತದೇನ್ರಿ? ಸೊಳ್ಳಿ ಅವರಿಗೆ ಕಡ್ದು ನಮಗ ಕಡದ್ರ? ಹೋಟೆಲಿನ ಗ್ಲಾಸು, ಮದುವೆಯ ಪಂಕ್ತಿ, ಬಸ್ ಸ್ಟ್ಯಾಂಡಿನ ಶೌಚಾಲಯ, ಒಂದೇ ಕೊಡದ ನೀರು, ಸೋಂಕಿತರ ಮಗು ಎಂಜಲು ಮಾಡಿದ ಬಿಸ್ಕತ್ತು. ಕೇಳುವವರು ದಡ್ಡರಲ್ಲ. ಎಂಬತ್ತರ ದಶಕದ ಕೊನೆಯಿಂದ ಈ ರೋಗವನ್ನು ತಲೆಬುರುಡೆಯ ಚಿತ್ರ ಹಾಕಿ ಗೋಡೆಗಳ ಮೇಲೆ ಬರೆದವರು ಹೆದರಿಕೆಯನ್ನು ಮುಟ್ಟಿಸಿದರು, ತಿಳಿವಳಿಕೆಯನ್ನು ಅಷ್ಟಾಗಿ ಮುಟ್ಟಿಸಲಿಲ್ಲ.

ರಕ್ತ, ವೀರ್ಯ, ಯೋನಿಸ್ರಾವ, ಗುದದ್ವಾರದ ದ್ರವ, ಎದೆಹಾಲು: ಇನ್ನೊಬ್ಬರಿಗೆ ತಗಲುವಷ್ಟು ಎಚ್‌ಐವಿ ಇರುವುದು ಇವುಗಳಲ್ಲಿ. ಎಂಜಲು, ಬೆವರು, ಕಣ್ಣೀರು, ಮೂತ್ರದಿಂದ ಅದು ಹರಡುವುದಿಲ್ಲ. ತಗಲಬೇಕಾದರೆ ಆ ಐದು ದ್ರವಗಳಲ್ಲಿ ಯಾವುದಾದರೊಂದು ಇನ್ನೊಬ್ಬರ ರಕ್ತಕ್ಕೋ, ದೇಹದ ಒಳಪೊರೆಗೋ, ಹಸಿ ಗಾಯಕ್ಕೋ ನೇರ ಸೇರಬೇಕು. ಹೊರಗೆ ಬಿದ್ದು ಒಣಗಿದ ರಕ್ತದಲ್ಲಿ ವೈರಾಣುವಿನ ಬಲ ಕೆಲವೇ ತಾಸುಗಳಲ್ಲಿ ನೂರಕ್ಕೆ 90ರಿಂದ 99ರಷ್ಟು ಕುಗ್ಗುತ್ತದೆ. ಕೆರೆಯಂಥ ನೀರಿನ ರಾಶಿಯಲ್ಲಿ ಅದಕ್ಕೆ ಉಳಿಗಾಲವೇ ಇಲ್ಲ. ಕುಡಿದ ನೀರಿನಿಂದ ಅದು ಹರಡುವುದೂ ಇಲ್ಲ.

ಸೊಳ್ಳೆಯ ಮಾತು. ಭತ್ತದ ಸೀಮೆಯಲ್ಲಿ ಸೊಳ್ಳೆಗೇನು ಬರ? ಮಲೇರಿಯಾ, ಡೆಂಗಿಯ ರೋಗಾಣುಗಳು ಸೊಳ್ಳೆಯೊಳಗೇ ಬೆಳೆದು ಅದರ ಜೊಲ್ಲಿಗೆ ಬರುತ್ತವೆ. ಎಚ್‌ಐವಿ ಹಾಗೆ ಬೆಳೆಯುವುದಿಲ್ಲ, ಸೊಳ್ಳೆಯ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಸೊಳ್ಳೆ ಕಚ್ಚಿದಾಗ ಒಳಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಹೀರಿದ ರಕ್ತವನ್ನಲ್ಲ. ಇನ್ನೂ ಸರಳ ಸಾಕ್ಷಿ ಕಣ್ಣೆದುರೇ ಇದೆ. ಡೆಂಗಿ ಬಂದರೆ ಓಣಿಯ ಮಕ್ಕಳು, ಮುದುಕರು ಯಾರನ್ನೂ ಬಿಡುವುದಿಲ್ಲ. ಎಚ್‌ಐವಿ ಹಾಗೆ ಸೊಳ್ಳೆಯಿಂದ ಓಣಿಗೆ ಓಣಿಯೇ ಹಬ್ಬಿದ್ದನ್ನು ಯಾರೂ ಕಂಡಿಲ್ಲ.

ಕ್ಷೌರದ ಬ್ಲೇಡಿನ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಅಲ್ಲಿ ಎಚ್‌ಐವಿ ತಗಲುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಕೇಳುವುದು ಸರಿಯೇ, ಕಾರಣ ಹೆಪಟೈಟಿಸ್ ಬಿ. ಅದು ದೇಹದ ಹೊರಗೂ 7 ದಿನ ಬಾಳಬಲ್ಲ ಗಟ್ಟಿ ವೈರಾಣು. ಸೋಂಕಿರುವ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ 1,000ಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವುದು 100ಕ್ಕೆ 30ರವರೆಗೂ ಹೋಗಬಹುದು. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಸಾಲಾಗಿ ಹಚ್ಚೆ ಹಾಕಿಸಿಕೊಳ್ಳುವ ಹುಡುಗರಿಗೂ ಇದೇ ಮಾತು.

ಇನ್ನು ಸೂಜಿ. ನಮ್ಮ ಸೀಮೆಯಲ್ಲಿ ಯಾರಿಗೂ ಹೆದರಿಕೆ ಹುಟ್ಟಿಸದ, ಆದರೆ ನಿಜಕ್ಕೂ ಹೆದರಬೇಕಾದ ವಸ್ತು ಅದು. ಜ್ವರ ಬಂದರೆ, ಮೈಕೈ ನೊಂದರೆ ಸೂಜಿ ಮಾಡಿಸಿಕೊಳ್ಳಲೇಬೇಕು. ಮಾತ್ರೆ ಬರೆದುಕೊಟ್ಟು ಕಳಿಸಿದ ಡಾಕ್ಟರನ್ನು ಡಾಕ್ಟರೇ ಅಲ್ಲ ಎನ್ನುತ್ತಾರೆ. ನಾಟಿಯ ಕಾಲಕ್ಕೆ ಒಂದು ದಿನದ ಕೂಲಿ ತಪ್ಪಿದರೆ ಮನೆಯ ಲೆಕ್ಕವೇ ತಪ್ಪುತ್ತದೆ. ಸಂಜೆ ಸೂಜಿ ಮಾಡಿಸಿಕೊಂಡು, ಗ್ಲೂಕೋಸ್ ಹಚ್ಚಿಸಿಕೊಂಡು ಬೆಳಗ್ಗೆ ಗದ್ದೆಗಿಳಿಯುವ ಹೆಂಗಸಿನ ಅವಸರ ನನಗೆ ಅರ್ಥವಾಗುತ್ತದೆ. ಆ ಅವಸರವನ್ನೇ ನಂಬಿ ಪದವಿಯಿಲ್ಲದವರು ಹಳ್ಳಿಗಳಲ್ಲಿ ಸಿರಿಂಜು ಹಿಡಿದು ಕೂತಿರುತ್ತಾರೆ.

ಅಂಥ ಕಡೆ ಏನಾಗಬಹುದು ಎಂಬುದು ಊಹೆಯಲ್ಲ. ಕಾಂಬೋಡಿಯಾದ ರೋಕಾ ಎಂಬಲ್ಲಿ 2014ರ ಡಿಸೆಂಬರಿನಲ್ಲಿ ಮಕ್ಕಳು, ಮುದುಕರು, ಸನ್ಯಾಸಿಗಳೂ ಸೇರಿ 200ಕ್ಕೂ ಹೆಚ್ಚು ಮಂದಿಗೆ ಎಚ್‌ಐವಿ ಇರುವುದು ಬಯಲಾಯಿತು. ಪರವಾನಗಿ ಇಲ್ಲದೆ ಚಿಕಿತ್ಸೆ ಕೊಡುತ್ತಿದ್ದವನಿಗೆ ಮುಂದಿನ ವರ್ಷ ಜೈಲಾಯಿತು. ನಮ್ಮದೇ ದೇಶದಲ್ಲಿ, ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರಮವು ತಾಲೂಕಿನಲ್ಲಿ 2018ರ ಆರಂಭಕ್ಕೆ ಹತ್ತಾರು ಸೋಂಕಿತರು ಒಟ್ಟಿಗೇ ಪತ್ತೆಯಾದರು. ಊರೂರು ತಿರುಗಿ ಅಗ್ಗಕ್ಕೆ ಸೂಜಿ ಚುಚ್ಚುತ್ತಿದ್ದವನ ಮೇಲೆ, ಒಂದೇ ಸಿರಿಂಜನ್ನು ಮತ್ತೆ ಮತ್ತೆ ಬಳಸಿದ ಆರೋಪ ಬಂತು. 2019ರಲ್ಲಿ ಪಾಕಿಸ್ತಾನದ ಲಾರ್ಕಾನಾ ಜಿಲ್ಲೆಯ ರತೋಡೆರೊದಲ್ಲಿ ಸೋಂಕು ಕಂಡ ನೂರಾರು ಜನರಲ್ಲಿ ಬಹುಪಾಲು ಮಕ್ಕಳೇ. ಅವರಲ್ಲಿ ಹೆಚ್ಚಿನವರ ತಾಯಂದಿರಿಗೆ ಸೋಂಕೇ ಇರಲಿಲ್ಲ. ಒಣಗಿದ ರಕ್ತದಲ್ಲಿ ಬಾಳದ ವೈರಾಣು ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ, ಹವೆ ತಂಪಾಗಿದ್ದರೆ, 42 ದಿನದವರೆಗೂ ಬದುಕಿದ್ದು ಪ್ರಯೋಗಗಳಲ್ಲಿ ಕಂಡಿದೆ.

ಪ್ಯಾಕೆಟನ್ನು ನಮ್ಮ ಕಣ್ಣೆದುರು ಒಡೆಯಿರಿ ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಸೂಜಿ ಮಾತ್ರ ಬದಲಿಸಿ ಸಿರಿಂಜು ಅದೇ ಇಟ್ಟರೆ ಸಾಲದು, ಎರಡೂ ಹೊಸವು ಬೇಕು. ಅದಕ್ಕೂ ಮೊದಲು ಕೇಳಬೇಕಾದದ್ದು: ಮಾತ್ರೆಯಲ್ಲಿ ಹೋಗುವುದಿಲ್ಲವೇ? ಬಹಳಷ್ಟು ಸಲ ಹೋಗುತ್ತದೆ.

ಇಷ್ಟಾದರೂ ನಮ್ಮ ದೇಶದಲ್ಲಿ ಎಚ್‌ಐವಿ ಹೆಚ್ಚಾಗಿ ಹರಡುವುದು ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದಲೇ. ಅದನ್ನು ಬಿಟ್ಟು ಬ್ಲೇಡು, ಗ್ಲಾಸಿನ ಮಾತಾಡುವುದು ನಮಗೆ ಹಗುರ. ಗ್ಲಾಸಿನ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಎಷ್ಟೋ ಸಲ ಹೇಳಲಾರದ ಇನ್ನೊಂದು ಪ್ರಶ್ನೆ ಇರುತ್ತದೆ. ಗುಳೆ ಹೋದಲ್ಲಿ, ಲಾರಿಯ ದಾರಿಯಲ್ಲಿ, ಎಂದೋ ಒಮ್ಮೆ ನಡೆದದ್ದು. ಆಮೇಲೆ ನಾಲಿಗೆ ಬೆಳ್ಳಗಾದರೂ ಭಯ, ನಾಲ್ಕು ದಿನ ಜ್ವರ ಬಂದರೂ ಭಯ. ರಾತ್ರಿಯೆಲ್ಲ ಮೊಬೈಲು. ಸಿಂಧನೂರಿನ ಲ್ಯಾಬಿನಲ್ಲಿ ಇಲ್ಲವೆಂದು ಬಂದರೆ ರಾಯಚೂರಿನಲ್ಲಿ ಇನ್ನೊಮ್ಮೆ, ನಂಬಿಕೆ ಸಾಲದೆ ಮತ್ತೊಮ್ಮೆ.

ಅಂಥವರಿಗೆ ನೇರವಾಗಿ ಹೇಳುತ್ತೇನೆ. ಲಕ್ಷಣ ನೋಡಿ ಎಚ್‌ಐವಿ ಇದೆ, ಇಲ್ಲ ಎನ್ನಲು ಯಾರಿಂದಲೂ ಆಗದು. ರಕ್ತ ಪರೀಕ್ಷೆಯೊಂದೇ ಹೇಳಬಲ್ಲದು. ಚಿಕಿತ್ಸೆ ಪಡೆಯದ ಸೋಂಕಿತ ಗಂಡಸಿನಿಂದ ಹೆಣ್ಣಿಗೆ ಒಂದು ಸಂಪರ್ಕದಲ್ಲಿ ತಗಲುವುದು ಸರಾಸರಿ 10,000ಕ್ಕೆ 8, ಹೆಣ್ಣಿನಿಂದ ಗಂಡಿಗೆ ಅದರ ಅರ್ಧ. ಗುದ ಸಂಪರ್ಕದಲ್ಲಿ ಇದು ಹಲವು ಪಟ್ಟು ಹೆಚ್ಚು. ಈ ಸರಾಸರಿಯನ್ನು ನಂಬಿ ಕಾಂಡೋಮ್ ಬಿಡುವಂತಿಲ್ಲ. ಜನನಾಂಗದಲ್ಲಿ ಹುಣ್ಣಿದ್ದರೆ, ಎದುರಿನವರಿಗೆ ಸೋಂಕು ಹೊಸದಾಗಿ ತಗಲಿದ್ದರೆ ಅಪಾಯ ಏರುತ್ತದೆ, ಒಮ್ಮೆಗೇ ತಗಲಿದವರೂ ಇದ್ದಾರೆ. ಸಂಪರ್ಕವಾಗಿ 72 ತಾಸು ಮೀರದಿದ್ದರೆ ಸೋಂಕು ತಡೆಯುವ 28 ದಿನದ ಮಾತ್ರೆಗಳ ಬಗ್ಗೆ ತಕ್ಷಣ ವೈದ್ಯರನ್ನು ಕೇಳಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಆ ಹೊತ್ತು ದಾಟಿದ್ದರೆ ತಾಲೂಕು ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಹೋಗಬೇಕು. ಪರೀಕ್ಷೆ ಉಚಿತ, ಗುಟ್ಟು ಗುಟ್ಟಾಗಿಯೇ ಇರುತ್ತದೆ. ಕೊನೆಯ ಸಂಪರ್ಕವಾಗಿ 3 ತಿಂಗಳ ನಂತರವೂ ಇಲ್ಲವೆಂದು ಬಂದರೆ ಇಲ್ಲವೆಂದೇ ಅರ್ಥ. ಅಲ್ಲಿಂದ ಮುಂದೆ ಉಳಿಯುವುದು ಅಪರಾಧಿ ಭಾವ. ಅದಕ್ಕೆ ಹತ್ತನೇ ಪರೀಕ್ಷೆಯಲ್ಲಿ ಮದ್ದಿಲ್ಲ; ಆಪ್ತ ಸಮಾಲೋಚಕರ ಮುಂದೆ ಕೂತು ಬಾಯಿಬಿಟ್ಟು ಮಾತಾಡಿದರೆ ಇಳಿಯುತ್ತದೆ. ಮುಖ ತೋರಿಸಲು ನಾಚಿಕೆಯಾದರೆ 1097ಕ್ಕೆ ಕರೆ ಮಾಡಬಹುದು, ಅದೂ ಉಚಿತ.

ಗಂಡಸಿನ ಭಯದ ಬಗ್ಗೆ ಇಷ್ಟು ಬರೆದ ಮೇಲೆ ಹೆಂಗಸರ ಮಾತು ಬರಲೇಬೇಕು. ದೇವದಾಸಿ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿದರೂ ಅದರ ನೋವು ಹೊತ್ತ ಕುಟುಂಬಗಳು ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿವೆ. ಎಚ್‌ಐವಿ ಎಂದೊಡನೆ ಊರು ಬೆರಳು ತೋರಿಸಿದ್ದು ಅವರ ಕಡೆಗೇ. ಗಂಡನನ್ನು ಬಿಟ್ಟು ಬೇರೆ ಯಾರನ್ನೂ ಅರಿಯದ, ಗಂಡನಿಂದಲೇ ಸೋಂಕು ಪಡೆದ ಹೆಂಡಂದಿರು ಎಷ್ಟೋ ಜನ. ಗಂಡ ಸತ್ತ ಮೇಲೆ ಕುಲಗೆಟ್ಟವಳೆಂಬ ಮಾತು ಕೇಳಿ ಹೊಲದ ಪಾಲೂ ಇಲ್ಲದೆ ತವರಿಗೆ ಬಂದವರು ಅವರಲ್ಲಿದ್ದಾರೆ. ಈ ಅನ್ಯಾಯಕ್ಕೆ ವೈರಾಣುವನ್ನು ದೂರುವಂತಿಲ್ಲ.

ಮದ್ದಿನ ಸುದ್ದಿ ಮಾತ್ರ ನಮ್ಮ ಹಳ್ಳಿಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ದೇಶದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು. 2017ರಿಂದ, ಸೋಂಕು ಪತ್ತೆಯಾದ ಎಲ್ಲರಿಗೂ, ರೋಗನಿರೋಧಕ ಶಕ್ತಿ ಕುಸಿಯುವವರೆಗೆ ಕಾಯದೆ, ಔಷಧ ಕೊಡಲಾಗುತ್ತಿದೆ. ದಿನಾ ತಪ್ಪದೆ ನುಂಗಿದರೆ ಬಹುತೇಕರಲ್ಲಿ ಸುಮಾರು ಆರು ತಿಂಗಳೊಳಗೆ ರಕ್ತದಲ್ಲಿನ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ಹರಡುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಚೆನ್ನೈ, ಪುಣೆಯ ದಂಪತಿಗಳೂ ಭಾಗವಹಿಸಿದ್ದ ಒಂಬತ್ತು ದೇಶಗಳ ಅಧ್ಯಯನ, ಬೇಗ ಶುರುವಾದ ಚಿಕಿತ್ಸೆ ಸಂಗಾತಿಗೆ ಹರಡುವುದನ್ನು ನೂರಕ್ಕೆ 96ರಷ್ಟು ತಡೆಯಿತೆಂದು 2011ರಲ್ಲಿ ತೋರಿಸಿತು. ಯುರೋಪಿನ ಪಾರ್ಟ್‌ನರ್ ಅಧ್ಯಯನದ ಎರಡನೇ ಹಂತದಲ್ಲಿ, ಒಬ್ಬರಿಗೆ ಸೋಂಕಿದ್ದು ವೈರಾಣು ಹತೋಟಿಯಲ್ಲಿದ್ದ ಜೋಡಿಗಳ ನಡುವೆ ಕಾಂಡೋಮ್ ಇಲ್ಲದ ಸುಮಾರು 76 ಸಾವಿರ ಸಂಪರ್ಕಗಳಲ್ಲಿ ಒಮ್ಮೆಯೂ ಸಂಗಾತಿಯಿಂದ ಸಂಗಾತಿಗೆ ಹರಡಲಿಲ್ಲ. ಹಾಗಿದ್ದ ಮೇಲೆ ಅವರ ತಟ್ಟೆ, ಲೋಟವನ್ನು ಬೇರೆ ಇಡುವುದಕ್ಕೆ ಯಾವ ಆಧಾರವಿದೆ?

ಮಾತ್ರೆ ತರುವುದಕ್ಕೂ ಕಣ್ಣು ತಪ್ಪಿಸಬೇಕಾದ ಸ್ಥಿತಿ ಸಣ್ಣ ಊರುಗಳಲ್ಲಿದೆ. ಪರಿಚಯದವರು ಕಂಡಾರೆಂದು ತಮ್ಮ ಊರಿನ ಆಸ್ಪತ್ರೆ ಬಿಟ್ಟು ಬಸ್ಸು ಹತ್ತುವವರು, ಡಬ್ಬಿಯ ಮೇಲಿನ ಚೀಟಿ ಕಿತ್ತು ಎಸೆಯುವವರು, ಮನೆಗೆ ನೆಂಟರು ಬಂದ ದಿನ ಗುಳಿಗೆ ತಪ್ಪಿಸುವವರು. ಹೀಗೆ ಪದೇ ಪದೇ ತಪ್ಪಿದರೆ ವೈರಾಣು ಮತ್ತೆ ಏರುತ್ತದೆ. ಸೋಂಕನ್ನು ದೂರವಿಡಲೆಂದು ಸೋಂಕಿತರನ್ನು ದೂರವಿಟ್ಟ ಊರೇ ಸೋಂಕಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಬಂದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ, ಶಾಲೆ, ಬಾಡಿಗೆ ಮನೆ, ಆಸ್ಪತ್ರೆ, ಎಲ್ಲೂ ಭೇದ ಮಾಡುವಂತಿಲ್ಲ. ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯ ಹೊರಗೆಡಹುವಂತಿಲ್ಲ. ಮೊರಬದ ಕೆರೆ ಬರಿದಾಗುವ ಹೊತ್ತಿಗೆ ಈ ಕಾನೂನಿಗೆ ಎರಡೂವರೆ ತಿಂಗಳು ತುಂಬಿತ್ತು.

ಬಸುರಿಯರಿಗಂತೂ ಒಂದು ಮಾತು ಮುಟ್ಟಲೇಬೇಕು. ಚಿಕಿತ್ಸೆ ಇಲ್ಲದಿದ್ದರೆ ಬಸಿರು, ಹೆರಿಗೆ, ಎದೆಹಾಲಿನ ದಾರಿಯಲ್ಲಿ ತಾಯಿಯಿಂದ ಮಗುವಿಗೆ ಎಚ್‌ಐವಿ ಹೋಗುವುದು 100ಕ್ಕೆ 15ರಿಂದ 45. ಚಿಕಿತ್ಸೆಯಿದ್ದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೇ ಪರೀಕ್ಷೆ ಮಾಡಿಸಿಕೊಂಡು, ಸೋಂಕಿದ್ದರೆ ಅಂದಿನಿಂದಲೇ ಮಾತ್ರೆ ಶುರು ಮಾಡಿದ ತಾಯಿ ಸರಕಾರಿ ಆಸ್ಪತ್ರೆಯಲ್ಲೇ ಹೆರಬಹುದು, ಮಾತ್ರೆ ಬಿಡದೆ ಎದೆಹಾಲೂ ಕೊಡಬಹುದು. ಹುಟ್ಟಿದ ಮಗುವಿಗೆ ಮೊದಲ ವಾರಗಳಲ್ಲಿ ತಡೆ ಔಷಧ ಕುಡಿಸುತ್ತಾರೆ, ಆರನೇ ವಾರಕ್ಕೆ ರಕ್ತದ ಹನಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, 18 ತಿಂಗಳಿಗೆ ಕೊನೆಯ ಪರೀಕ್ಷೆ. ಅಷ್ಟೂ ಸಲ ಆ ತಾಯಿ ಮಗುವನ್ನೆತ್ತಿಕೊಂಡು ಬಸ್ಸು ಹತ್ತಿ ಬರಬೇಕು. ಬರುವ ದಾರಿಯಲ್ಲಿ ಅವಳನ್ನು ಪ್ರಶ್ನೆ ಕೇಳಿ ಕಾಡದಿರುವುದು, ಕೂಲಿ ತಪ್ಪಿದ ದಿನ ಮನೆಯವರು ಗದರದಿರುವುದು, ಆಸ್ಪತ್ರೆಯ ಸಾಲಿನಲ್ಲಿ ಅವಳ ಕೈಯಲ್ಲಿನ ಕಾರ್ಡನ್ನು ಇಣುಕಿ ನೋಡದಿರುವುದು ನಮ್ಮ ಪಾಲಿನ ಕೆಲಸ.