ಕಸರತ್ತಿನ ನಂತರ ಏನು ಕುಡಿಯಬೇಕು?

ಆಂಡರ್ಸನ್‌ಪೇಟೆಯ ಹುಡುಗನೊಬ್ಬ ಮುಂಜಾನೆ ಜಿಮ್ಮಿನಿಂದ ಬೆವರಿಳಿಸಿಕೊಂಡು ಮನೆಗೆ ಬರುತ್ತಾನೆ. ತಾಯಿ ಅಂಬಲಿಯ ಲೋಟ ಮುಂದಿಡುತ್ತಾರೆ. ಅವನಿಗೆ ಬೇಕಾದುದು ಅಂಗಡಿಯ ಪ್ರೋಟೀನ್ ಪುಡಿಯ ಡಬ್ಬ. ತಂದೆ ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋದವರು. ೨೦೦೧ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮನೆಗಳ ದಿನಚರಿ ಇದೇ. ಅಂಥ ಮನೆಯಲ್ಲಿ ಒಂದು ಡಬ್ಬಕ್ಕೆ ಸಾವಿರಾರು ರೂಪಾಯಿ ತೆರುವುದು ಸಣ್ಣ ಮಾತಲ್ಲ. ಹುಡುಗನ ಬೇಡಿಕೆಯಲ್ಲಿ ಹುರುಳಿದೆಯೇ?

ಮೊದಲು ಬೆವರಿನ ವಿಷಯ. ಅದು ಈ ಊರಿಗೆ ಹೊಸದಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಅಲ್ಲಿ ಬಂಡೆಯ ಉಷ್ಣತೆ ೬೦ ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಇಂಥ ಸೆಕೆಯಲ್ಲಿ ದುಡಿಯುವವರ ಸ್ನಾಯು ಸೆಟೆದುಕೊಳ್ಳುವುದೇಕೆ ಎಂದು ೧೯೨೦ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಕಾರ್ಮಿಕರನ್ನು ಕುರಿತು ಜೆ.ಎಸ್. ಹಾಲ್ಡೇನ್ ಮತ್ತು ಕೆ.ಎನ್. ಮಾಸ್ ಅಭ್ಯಸಿಸಿದರು. ಬೆವರಿನೊಡನೆ ಉಪ್ಪೂ ಹೊರಹೋಗುತ್ತದೆ. ಮೇಲೆ ಬರಿಯ ನೀರನ್ನೇ ಹೊಟ್ಟೆ ತುಂಬ ಕುಡಿದರೆ ರಕ್ತದ ಉಪ್ಪು ಇನ್ನೂ ತೆಳುವಾಗುತ್ತದೆ. ಕುಡಿಯುವ ನೀರಿಗೆ ತುಸು ಉಪ್ಪು ಬೆರೆಸಿದರೆ ಸೆಳೆತ ತಪ್ಪುತ್ತಿತ್ತು. (ಎಲ್ಲ ಸೆಳೆತಕ್ಕೂ ಉಪ್ಪೇ ಕಾರಣವಲ್ಲ ಎಂಬುದೂ ಈಗ ಗೊತ್ತು.) ಒಂದು ಗಂಟೆಯ ಕಸರತ್ತಿಗೆ ನೀರು ಸಾಕು. ಬಿಸಿಲಲ್ಲಿ ಅರ್ಧ ದಿನ ಕ್ರಿಕೆಟ್ ಆಡಿದವನಿಗೆ ಉಪ್ಪು ಹಾಕಿದ ನೀರುಮಜ್ಜಿಗೆಗಿಂತ ಬೇರೆ ಪಾನೀಯ ಬೇಕಿಲ್ಲ.

ಇನ್ನು ಸ್ನಾಯು ಬೆಳೆಯುವ ಮಾತು. ಭಾರ ಎತ್ತಿದ ಮೇಲೆ ಸ್ನಾಯುವಿನಲ್ಲಿ ಹೊಸ ಪ್ರೋಟೀನು ಕಟ್ಟುವ ಕೆಲಸ ಸುಮಾರು ಒಂದು ದಿನ ಚುರುಕಾಗಿರುತ್ತದೆ. ಆದ್ದರಿಂದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಶ್ರಮವೆಲ್ಲ ವ್ಯರ್ಥ ಎಂಬ ಭಯ ಬೇಡ. ದಿನವಿಡೀ ಸಿಗುವ ಪ್ರೋಟೀನಿನ ಒಟ್ಟು ಮೊತ್ತವೇ ಮುಖ್ಯ. ೬೦ ಕಿಲೋ ತೂಕದವನಿಗೆ ಸಾಮಾನ್ಯವಾಗಿ ಸುಮಾರು ೫೦ ಗ್ರಾಂ, ನಿತ್ಯ ಭಾರ ಎತ್ತುವವನಾದರೆ ೭೦ರಿಂದ ೯೫ ಗ್ರಾಂ ಬೇಕು.

ಡಬ್ಬದಲ್ಲಿರುವುದು ಹೆಚ್ಚಾಗಿ ಹಾಲು ಒಡೆದಾಗ ಉಳಿಯುವ ತಿಳಿನೀರಿನ ಪ್ರೋಟೀನು, ಒಣಗಿಸಿ ಪುಡಿ ಮಾಡಿದ್ದು. ಒಂದು ಸಲದ ಪುಡಿಯಲ್ಲಿ ಸುಮಾರು ೨೪ ಗ್ರಾಂ. ಕಾಲು ಲೀಟರಿನ ಮೂರು ಲೋಟ ಹಾಲಿನಲ್ಲೂ ಅಷ್ಟೇ. ಅರ್ಧ ಲೀಟರು ಹಾಲು, ಎರಡು ಮೊಟ್ಟೆ, ಒಂದು ಹಿಡಿ ಹುರಿಗಡಲೆ ಸೇರಿದರೆ ೩೫ ಗ್ರಾಂ ದಾಟುತ್ತದೆ. ಉಳಿದದ್ದರ ಬಹುಪಾಲು ಮುದ್ದೆ, ಅನ್ನ, ಬೇಳೆ, ಕಾಳುಸಾರಿನಿಂದ ಬರುತ್ತದೆ.

ತಾಯಿಯ ಅಂಬಲಿಯ ಬಗ್ಗೆಯೂ ನಿಜ ಹೇಳಬೇಕು. ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನು ಏಳು ಗ್ರಾಂ ಮಾತ್ರ. ಒಂದು ಲೋಟ ತೆಳು ಅಂಬಲಿಗೆ ಬೀಳುವುದು ಎರಡು ಗ್ರಾಂ ಇದ್ದೀತು. ಅದು ನೀರು ಕೊಡುತ್ತದೆ, ಸುಣ್ಣದಂಶ ಕೊಡುತ್ತದೆ, ದಣಿದ ಸ್ನಾಯುವಿಗೆ ಬೇಕಾದ ಪಿಷ್ಟ ಕೊಡುತ್ತದೆ, ಸ್ನಾಯು ಕಟ್ಟುವ ಸರಕು ಮಾತ್ರ ಸಾಲದು. ಅದೇ ರಾಗಿಯ ಹುರಿಹಿಟ್ಟನ್ನು ಹಾಲಿನಲ್ಲಿ ಬೆಲ್ಲದೊಡನೆ ಕದಡಿ, ಎರಡು ಚಮಚ ಹುರಿಗಡಲೆ ಪುಡಿ ಸೇರಿಸಿದರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಹೈನುಗಾರಿಕೆಗೆ ಹೆಸರಾದ ಕೋಲಾರ ಜಿಲ್ಲೆಯಲ್ಲಿ ಹಾಲಿಗೆ ಬರವಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ೨೦೨೪ರ ತನ್ನ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟಿಗೆಂದು ಪ್ರೋಟೀನ್ ಪುಡಿ ಸೇವಿಸುವುದು ಬೇಡವೆಂದೇ ಹೇಳಿದೆ. ಕೆಫೀನು ತುಂಬಿದ ‘ಎನರ್ಜಿ’ ಡಬ್ಬಿಗಳ ಕತೆ ಬೇರೆ. ಮಕ್ಕಳಿಗೆ ಸಲ್ಲದೆಂದು ಅವುಗಳ ಮೇಲೇ ಅಚ್ಚಾಗಿರುತ್ತದೆ. ಸಂಜೆ ಕುಡಿದವನ ನಿದ್ದೆ ಕೆಡುತ್ತದೆ, ಮೈ ಚೇತರಿಸಿಕೊಳ್ಳುವ ಹೊತ್ತೇ ಅದು. ಇಷ್ಟಾದರೂ ಮಗ ಪುಡಿಯೇ ಬೇಕೆಂದು ಹಟ ಹಿಡಿದರೆ, ತಂದೆ ಡಬ್ಬದ ಹಿಂಬದಿಯಲ್ಲಿ ಸಕ್ಕರೆಯ ಪ್ರಮಾಣವನ್ನೂ ೧೪ ಅಂಕಿಗಳ ಆಹಾರ ಪರವಾನಗಿ ಸಂಖ್ಯೆಯನ್ನೂ ಹುಡುಕಿ ಓದಲಿ.