ನಿಮಗಿದು ಗೊತ್ತೇ? ಬಿಸಿಲೂರಿನ ಥಂಡಿ, ಸೂರಿಲ್ಲದವರ ರಾತ್ರಿ

ಬಿಸಿಲೂರು ಎಂದೇ ಹೆಸರಾದ ಕಲಬುರಗಿಯಲ್ಲಿ ಚಳಿಯೇ? ನಗಬೇಡಿ! ಮೇ ತಿಂಗಳಲ್ಲಿ 43–44 ಡಿಗ್ರಿ ಕಾಯುವ ಇದೇ ಊರು, ಡಿಸೆಂಬರ್–ಜನವರಿಯ ಕೆಲವು ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆಗ ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಥಂಡಿ ಭಾಳ ಅದರಿ!’ ಸಮುದ್ರ ದೂರ, ಗಾಳಿ ಒಣ, ಆಕಾಶ ತಿಳಿ. ಹಗಲೆಲ್ಲ ಕಾದ ನೆಲ ರಾತ್ರಿ ಬೇಗ ತಣ್ಣಗಾಗಿಬಿಡುತ್ತದೆ.

10 ಡಿಗ್ರಿ ಏನು ಮಹಾ ಅನ್ನುತ್ತೀರಾ? ಬಯಲು ಸೀಮೆಗಳಲ್ಲಿ ಹವಾಮಾನ ಇಲಾಖೆ ‘ಶೀತಗಾಳಿ’ಯ ಲೆಕ್ಕ ಶುರು ಮಾಡುವುದೇ ಆ 10 ಡಿಗ್ರಿಯಿಂದ! ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಕಡಿಮೆಯಾದರೆ ಸಾಕು, ಎಚ್ಚರಿಕೆ ಹೊರಬೀಳುತ್ತದೆ.

ನಮ್ಮ ಮೈಯೊಳಗಿನ ಬಿಸಿ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಜೀವಕ್ಕೆ ಕುತ್ತು. ನಡುವಿನ ಅಂತರ ಬರೀ ಎರಡು ಡಿಗ್ರಿ! ಅದಕ್ಕೆ ಹಿಮ ಬೀಳಬೇಕಿಲ್ಲ. ವಯಸ್ಸಾಗಿದ್ದರೆ, ಹೊಟ್ಟೆ ಖಾಲಿ ಇದ್ದರೆ, ಬಟ್ಟೆ ಒದ್ದೆಯಾಗಿದ್ದರೆ ಕಲಬುರಗಿಯ ಥಂಡಿಯೇ ಸಾಕು.

ಇನ್ನೊಂದು ವಿಚಿತ್ರ ಕೇಳಿ. ಗಡಗಡ ನಡುಗುತ್ತಿದ್ದವನ ನಡುಕ ತಾನಾಗಿ ನಿಂತರೆ ಸಮಾಧಾನಪಡಬೇಡಿ, ಗಾಬರಿಪಡಿ! ಮೈ ಮತ್ತಷ್ಟು ತಣ್ಣಗಾದಾಗ ನಡುಗುವ ಶಕ್ತಿಯೂ ಉಡುಗಿಹೋಗುತ್ತದೆ. ಮಾತು ತೊದಲುತ್ತದೆ, ಕಾಲು ಎಡವುತ್ತದೆ. ದಾರಿಹೋಕರು ‘ಕುಡಿದಿದ್ದಾನೆ’ ಎಂದುಕೊಂಡು ಮುಂದೆ ಹೋಗುತ್ತಾರೆ. ಆ ಹೊತ್ತಿಗೆ ಬೇಕಾದದ್ದು 108!

ಚಳಿಗೆ ಒಂದು ಗುಟುಕು ಹಾಕಿದರೆ ಬೆಚ್ಚಗಾಗುತ್ತದೆ ಅಂತೀರಾ? ಬೆಚ್ಚಗಾದಂತೆ ಅನ್ನಿಸುತ್ತದೆ ಅಷ್ಟೇ! ಹೆಂಡ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಬಿಸಿ ಹೊರಗೆ ಸೋರಿಹೋಗುತ್ತದೆ.

ಪ್ರತಿ ಚಳಿಗಾಲ ಒಂದಲ್ಲ ಒಂದು ಸಂಘದವರು ಫುಟ್‌ಪಾತಿನಲ್ಲಿ ಮಲಗಿದವರಿಗೆ ರಗ್ಗು ಹೊದಿಸಿ ಬರುತ್ತಾರೆ. ಒಳ್ಳೆಯದೇ. ಆದರೆ ಚಳಿ ಮೇಲಿಂದ ಮಾತ್ರ ಬರುವುದಲ್ಲ! ಸಿಮೆಂಟು, ಕಲ್ಲು, ಗಾಳಿಗಿಂತ ಎಷ್ಟೋ ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತವೆ. ಕೆಳಗೆ ಹಾಸಿದ ಒಂದು ರಟ್ಟಿನ ಡಬ್ಬಿ, ನಾಲ್ಕು ಹಳೆ ಪೇಪರು, ಒಂದು ಗೋಣಿಚೀಲ ಮಾಡುವ ಕೆಲಸವನ್ನು ಮೇಲಿನ ಎರಡನೇ ರಗ್ಗೂ ಮಾಡಲಾರದು!

ಈ ವಿಜ್ಞಾನ ನಮ್ಮ ಅಜ್ಜಿಯಂದಿರಿಗೆ ಮೊದಲೇ ಗೊತ್ತಿತ್ತು ಅಂದರೆ ನಂಬುತ್ತೀರಾ? ಉತ್ತರ ಕರ್ನಾಟಕದ ಕೌದಿಯನ್ನೇ ನೋಡಿ. ಹಳೆ ಸೀರೆ, ಹಳೆ ಧೋತರ, ಹರಿದ ಅಂಗಿ, ಒಂದರ ಮೇಲೊಂದು ಪದರ ಹಾಕುತ್ತಾರೆ. ದಪ್ಪ ಸೂಜಿಯಿಂದ ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಗೆ ಹಾಕುತ್ತ ಬರುತ್ತಾರೆ. ಹೊಲಿಗೆ ಸಾಲುಗಳ ನಡುವೆ ಬಟ್ಟೆ ತುಸು ಉಬ್ಬುತ್ತದೆ. ಬೆರಳಿಟ್ಟು ಒತ್ತಿದರೆ ಗೊತ್ತಾಗುತ್ತದೆ. ಬೆಚ್ಚಗಿಡುವುದು ಬರೀ ಬಟ್ಟೆಯಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ! ಹಾಸಲೂ ಆಯಿತು, ಹೊದೆಯಲೂ ಆಯಿತು. ಅಂಗಡಿಯ ಮಿರಿಮಿರಿ ರಗ್ಗಿಗಿಂತ ನನ್ನ ಓಟು ಕೌದಿಗೇ.

ಕುರಿ ಉಣ್ಣೆಯ ಕಂಬಳಿ ಇನ್ನೂ ಜಾಣ. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ!

ಮುಚ್ಚಿದ ಕೋಣೆಯಲ್ಲಿ, ಶಟರ್ ಎಳೆದ ಅಂಗಡಿಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗುವುದು ಮಾತ್ರ ಬೇಡವೇ ಬೇಡ. ಅದರಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ!

ಈಗ ಲೆಕ್ಕದ ಮಾತು. ಮನೆಯೇ ಇಲ್ಲದವರನ್ನು ಜನಗಣತಿಯವರು ಹೇಗೆ ಎಣಿಸುತ್ತಾರೆ? ಒಂದೇ ರಾತ್ರಿಯಲ್ಲಿ! 2011ರ ಫೆಬ್ರವರಿ 28ರ ರಾತ್ರಿ ದೇಶದುದ್ದಕ್ಕೂ ಫುಟ್‌ಪಾತು, ರೈಲು ನಿಲ್ದಾಣ, ಮೇಲ್ಸೇತುವೆಯ ಕೆಳಗು, ಗುಡಿಯ ಮಂಟಪ, ಕೊನೆಗೆ ದೊಡ್ಡ ಸಿಮೆಂಟ್ ಪೈಪುಗಳ ಒಳಗೂ ಇಣುಕಿ ಎಣಿಸಿದರು. ಸಿಕ್ಕವರು 17 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲೇ 76 ಸಾವಿರಕ್ಕೂ ಹೆಚ್ಚು! ಆ ರಾತ್ರಿ ಕಣ್ಣಿಗೆ ಬೀಳದವರು ಎಷ್ಟೋ.

ಚಳಿಯಿಂದಲೇ ಹುಟ್ಟಿದ ಕೋರ್ಟ್ ಆದೇಶವೊಂದಿದೆ, ಗೊತ್ತೇ? 2009ರ ಡಿಸೆಂಬರಿನಲ್ಲಿ ದೆಹಲಿಯ ಒಂದು ತಾತ್ಕಾಲಿಕ ತಂಗುದಾಣವನ್ನು ಕೆಡವಿದರು. ನಡುಚಳಿಯಲ್ಲಿ! ವಿಷಯ ಸುಪ್ರೀಂ ಕೋರ್ಟ್ ತಲುಪಿತು. 2010ರಿಂದ ಸಾಲು ಸಾಲು ಆದೇಶ ಬಂದವು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕು, ಅದು ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರಬೇಕು! ಬರೀ ರಾತ್ರಿಗಲ್ಲ, ಬರೀ ಚಳಿಗಾಲಕ್ಕಲ್ಲ.

ಹಾಗಾದರೆ ಕಲಬುರಗಿಗೆ ಎಷ್ಟು? 2011ರ ಗಣತಿಯಲ್ಲಿ ನಗರದ ಜನಸಂಖ್ಯೆ 5 ಲಕ್ಷ 30 ಸಾವಿರ ದಾಟಿತ್ತು. ಬೆರಳು ಮಡಿಸಿ: ಐದು! ಬೀದರ್ ರಸ್ತೆಯ ಕಮಲಾಪುರಕ್ಕೆ? ಲಕ್ಷಕ್ಕೊಂದು ಎಂಬ ಲೆಕ್ಕದಲ್ಲಿ ಸೊನ್ನೆ. ಕೆಂಪು ಬಾಳೆಗೆ ಭೌಗೋಳಿಕ ಗುರುತು ಪಡೆದ ಊರಿದು, ಈಗ ತಾಲ್ಲೂಕು ಕೇಂದ್ರ ಬೇರೆ. ಥಂಡಿ ಮಾತ್ರ ಜನಸಂಖ್ಯೆ ನೋಡಿ ಬರುವುದಿಲ್ಲವಲ್ಲ!

ತಂಗುದಾಣದಲ್ಲಿ ಒಬ್ಬರಿಗೆ ಎಷ್ಟು ಜಾಗ? ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಂತೆ ಕನಿಷ್ಠ 50 ಚದರಡಿ. ಮೂವರು ಮೇಲ್ವಿಚಾರಕರು ಎಂಟೆಂಟು ಗಂಟೆ ಪಾಳಿಯಲ್ಲಿ ಇರಬೇಕು. ನಡೆಸುವ ಹೊಣೆಯನ್ನು ಪಾಲಿಕೆ ಸ್ವಯಂಸೇವಾ ಸಂಸ್ಥೆಗೆ ವಹಿಸಬಹುದು. ಪಟ್ಟಿಯಲ್ಲಿ ಹಾಸಿಗೆ, ಹೊದಿಕೆ, ನೀರು, ಶೌಚಾಲಯದ ಜೊತೆ ಇನ್ನೊಂದಿದೆ: ಲಾಕರ್! ಎಲ್ಲ ಆಸ್ತಿಯೂ ಒಂದೇ ಗಂಟಿನಲ್ಲಿರುವ ಮನುಷ್ಯ ಆ ಗಂಟನ್ನು ಯಾರ ಭರವಸೆಯ ಮೇಲೆ ಬಿಟ್ಟು ನಿದ್ದೆ ಮಾಡಬೇಕು, ಹೇಳಿ?

ನಿರಾಶ್ರಿತರಿಗೆ ನಾನೇನೂ ಕೊಟ್ಟಿಲ್ಲ ಅನ್ನುತ್ತೀರಾ? ಕೊಟ್ಟಿದ್ದೀರಿ! ನಿಮ್ಮ ಮನೆ ತೆರಿಗೆಯ ರಸೀದಿ ತೆಗೆದು ನೋಡಿ. ಅದರಲ್ಲಿ ಶೇ 3ರಷ್ಟು ಭಿಕ್ಷುಕರ ಕರ ಇರುತ್ತದೆ. ಸಾವಿರ ರೂಪಾಯಿ ತೆರಿಗೆಗೆ 30 ರೂಪಾಯಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೊಡುಗೆ ಇದು. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಈ ದುಡ್ಡಿನಲ್ಲಿ. ಭಿಕ್ಷೆ ಬೇಡುವವರನ್ನು ಹಿಡಿದು ತಂದು ಇರಿಸಿಕೊಳ್ಳುವ ಅಧಿಕಾರವೂ ಅದೇ ಕಾಯ್ದೆಗಿದೆ. ಆಶ್ರಯವೋ ಬಂಧನವೋ, ಆ ವಾದ ಬೇರೆ.

ಹಿಡಿಯದೆ, ಹೆಸರು ಕೇಳದೆ ಉಣ್ಣಿಸುವ ಜಾಗವೂ ಕಲಬುರಗಿಯಲ್ಲೇ ಇದೆ! ಶರಣಬಸವೇಶ್ವರರ ದಾಸೋಹ. ಜೇವರ್ಗಿ ಸೀಮೆಯ ಅರಳಗುಂಡಗಿಯ ಈ ಶರಣರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸಲಿಲ್ಲ, ಬದಲಿಗೆ ಅವಕ್ಕೆ ಕುಡಿಯಲು ನೀರಿಟ್ಟರು ಎಂದು ಜನ ಇಂದಿಗೂ ಹೇಳುತ್ತಾರೆ. ಅವರು ಲಿಂಗೈಕ್ಯರಾದದ್ದು 1822ರಲ್ಲಿ. ಇನ್ನೂರು ವರ್ಷ ದಾಟಿದರೂ ದಾಸೋಹ ನಿಂತಿಲ್ಲ! ಅಲ್ಲಿ ಆಧಾರ್ ಕಾರ್ಡು ಯಾರೂ ಕೇಳುವುದಿಲ್ಲ.

ಥಂಡಿ ಏರಿದ ಹೊತ್ತಿಗೇ ಎಳ್ಳ ಅಮಾವಾಸ್ಯೆ ಬರುತ್ತದೆ. ಕಮಲಾಪುರದ ಕಡೆಯ ಹೊಲಗಳಲ್ಲಿ ಅವತ್ತು ಭಜ್ಜಿ, ಸಜ್ಜೆ ಕಡುಬು. ಮೊದಲು ಭೂತಾಯಿಗೆ ಚರಗ, ಆಮೇಲೆ ಊಟ. ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ಕೂಗಿ ಕರೆದು ಉಣ್ಣಿಸುವುದು ರೂಢಿ!

ಆಧಾರ್ ಅಂದೆನಲ್ಲ. ವಿಳಾಸವೇ ಇಲ್ಲದವರಿಗೆ ಅದು ಸಿಗುವುದು ಹೇಗೆ? ಮಾನ್ಯತೆ ಪಡೆದ ತಂಗುದಾಣದ ಮುಖ್ಯಸ್ಥರು ಬರೆದುಕೊಟ್ಟ ಪ್ರಮಾಣಪತ್ರ ಸಾಕು! ಆಧಾರ್ ಬಂದರೆ ಪಡಿತರ, ಪಿಂಚಣಿ, ಬ್ಯಾಂಕ್ ಖಾತೆಯ ದಾರಿ ತೆರೆಯಿತು. ಹೊದಿಕೆ ಹಂಚುವ ಸಂಸ್ಥೆಗಳಿಗಿಂತ ಕಾಗದ ಮಾಡಿಸಿಕೊಡುವ ಸಂಸ್ಥೆಗಳೇ ನನಗೆ ದೊಡ್ಡವಾಗಿ ಕಾಣುವುದು ಇದಕ್ಕೇ.

ಮತದಾನದ ಹಕ್ಕು ಇನ್ನೂ ಮಜಾ! ಫುಟ್‌ಪಾತಿನಲ್ಲಿ ಮಲಗುವವರೂ ಮತದಾರರ ಪಟ್ಟಿಗೆ ಸೇರಬಹುದು. ವಾಸಕ್ಕೆ ಕಾಗದದ ಪುರಾವೆ ಬೇಕಿಲ್ಲ. ಅರ್ಜಿಯಲ್ಲಿ ಬರೆದ ಜಾಗಕ್ಕೆ ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಖುದ್ದಾಗಿ ಬಂದು, ನಿಜಕ್ಕೂ ಅಲ್ಲೇ ಮಲಗುತ್ತಾರೆಯೇ ಎಂದು ನೋಡಬೇಕು. ಅದೂ ಒಂದೇ ರಾತ್ರಿಯಲ್ಲ, ಒಂದಕ್ಕಿಂತ ಹೆಚ್ಚು ರಾತ್ರಿ! ಚುನಾವಣಾ ಆಯೋಗದ ನಿಯಮವೇ ಹೀಗಿದೆ.

ಜನ ಬೀದಿಗೆ ಬೀಳುವ ಮೊದಲೇ ತಡೆಯುವುದು? ಅದಕ್ಕೂ ಕಾಗದವೇ! ‘ಕೊನೆತನಕ ನೋಡಿಕೊಳ್ಳುತ್ತೇನೆ’ ಎಂಬ ಷರತ್ತಿನ ಮೇಲೆ ಮನೆ ಬರೆಸಿಕೊಂಡು ಅಪ್ಪ–ಅವ್ವನನ್ನು ಹೊರಗೆ ಹಾಕಿದರೆ, ಬರೆದುಕೊಟ್ಟ ದಾನಪತ್ರವನ್ನೇ ರದ್ದು ಮಾಡಿಸಬಹುದು! 2007ರ ಪಾಲಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ ಅದು. ದೂರು ಕೇಳುವವರು ಉಪವಿಭಾಗಾಧಿಕಾರಿ. ವೃದ್ಧರನ್ನು ಎಲ್ಲೋ ಬಿಟ್ಟು ಬಂದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಇನ್ನೊಂದು ಕಾಗದ, ಹಕ್ಕುಪತ್ರ. ತಲೆಮಾರುಗಳಿಂದ ತಾಂಡಾಗಳಲ್ಲಿ ಇದ್ದರೂ ಕಾಲ ಕೆಳಗಿನ ಜಾಗ ತಮ್ಮದೆಂದು ತೋರಿಸಲು ಚೀಟಿಯೂ ಇಲ್ಲದ ಕುಟುಂಬಗಳು ಈ ಭಾಗದಲ್ಲಿ ಸಾವಿರಾರು. 2023ರ ಜನವರಿ 19ರಂದು ಇದೇ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಕೈಯಿಂದ ಹಕ್ಕುಪತ್ರ ವಿತರಣೆಯಾಯಿತು. ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ! ಕೈಯಲ್ಲಿ ಹಕ್ಕುಪತ್ರವಿದ್ದವರನ್ನು ‘ಏಳು, ಹೋಗು’ ಎನ್ನುವುದು ಸುಲಭವಲ್ಲ.

ಫಿನ್‌ಲೆಂಡಿನವರದು ಇನ್ನೂ ಉಲ್ಟಾ ದಾರಿ. 2008ರಿಂದ ಅವರು ಮೊದಲು ಮನೆ, ಆಮೇಲೆ ಉಳಿದದ್ದು ಎಂದರು. ದೊಡ್ಡ ತಂಗುದಾಣಗಳನ್ನೇ ಸಣ್ಣ ಸಣ್ಣ ಬಾಡಿಗೆ ಮನೆಗಳಾಗಿ ಮಾಡಿಬಿಟ್ಟರು!

ಬಸ್ ನಿಲ್ದಾಣದಲ್ಲಿ ತಮ್ಮಷ್ಟಕ್ಕೆ ಮಾತಾಡಿಕೊಂಡು ಅಲೆಯುವವರನ್ನು ಕಂಡಿದ್ದೀರಿ. ಅಂಥವರನ್ನು ಪೊಲೀಸರು ಲಾಕಪ್ಪಿಗೆ ಹಾಕುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಅಷ್ಟೇ ಅಲ್ಲ, ‘ಕಾಣೆಯಾದವರು’ ಎಂದು ಎಫ್‌ಐಆರ್ ಹಾಕಿ ಅವರ ಮನೆಯವರನ್ನು ಹುಡುಕಬೇಕು! ಕಳೆದುಹೋದವರು ಕಣ್ಣೆದುರೇ ಇದ್ದಾರೆ, ಹುಡುಕಬೇಕಾದದ್ದು ಮನೆಯನ್ನು!

ಕೊನೆಗೆ ನಂಬರುಗಳು. ಯಾರೋ ಬಿಟ್ಟುಹೋದ ವೃದ್ಧರು ಕಂಡರೆ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಒಂಟಿ ಮಕ್ಕಳು ಕಂಡರೆ 1098. ಸರಿರಾತ್ರಿಯಲ್ಲಿ ಯಾರೇ ಕಂಡರೂ 112. ಮೂರೂ ಉಚಿತ. ಪುಟ ತಿರುಗಿಸುವ ಮೊದಲು ಫೋನಿನಲ್ಲಿ ಸೇವ್ ಮಾಡಿಕೊಂಡುಬಿಡಿ!