ಮೂರನೇ ಪೆಡಲಿನ ಜಾಗ

ನಿಸಾನ್ ಎಸ್13 ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿಗೂ ಚಾಲಕನ ಕಾಲುಗಳಿಗೂ ನಡುವೆ ತಗಡಿನ ಗೋಡೆಯೊಂದು ಕಾಣುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ಫೈರ್‌ವಾಲ್ ಎನ್ನುತ್ತಾರೆ. ಕಾರು ಆಟೊಮ್ಯಾಟಿಕ್ ಆಗಿದ್ದರೆ ಬ್ರೇಕ್ ಬೂಸ್ಟರಿನ ಪಕ್ಕದಲ್ಲಿ ಸ್ವಲ್ಪ ಗಮನವಿಟ್ಟು ನೋಡಬೇಕು. ಅಲ್ಲಿ ತೂತುಗಳಿಲ್ಲ, ತಗಡನ್ನು ಅಚ್ಚಿನಲ್ಲಿ ಒತ್ತುವಾಗಲೇ ಮೂಡಿದ ಪುಟ್ಟ ಗುಳಿಗಳಿವೆ. ಮ್ಯಾನುಯಲ್ ಕಾರಿನಲ್ಲಿ ಕ್ಲಚ್ ಮಾಸ್ಟರ್ ಸಿಲಿಂಡರ್ ಕೂರುವುದು ಅದೇ ಜಾಗದಲ್ಲಿ. ಕಾರ್ಖಾನೆ ಎರಡು ಬಗೆಯ ಕಾರಿಗೂ ಒಂದೇ ಕವಚ ಮಾಡಿತು. ಒಂದರಲ್ಲಿ ತೂತು ತೆಗೆಯಿತು, ಇನ್ನೊಂದರಲ್ಲಿ ಗುರುತು ಮಾತ್ರ ಉಳಿಸಿ ಬಿಟ್ಟಿತು.

ಆಟೊಮ್ಯಾಟಿಕ್ ಸ್ಪೋರ್ಟ್ಸ್ ಕಾರನ್ನು ಮ್ಯಾನುಯಲ್‌ಗೆ ಬದಲಿಸುವ ಕಸುಬಿಗೆ ಆ ಗುಳಿಗಳೇ ಆಧಾರ. ಅಮೆರಿಕ, ಜಪಾನ್, ಇಂಗ್ಲೆಂಡಿನ ಗ್ಯಾರೇಜುಗಳಲ್ಲಿ ದಶಕಗಳಿಂದ ಈ ಕೆಲಸ ನಡೆಯುತ್ತಿದೆ. ಅಲ್ಲಿನವರು ಇದನ್ನು 'ಸ್ವಾಪ್' ಎಂದು ಕರೆಯುತ್ತಾರೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಹಾಫ್ ಕ್ಲಚ್ ಹಿಡಿದು ಹಿಡಿದು ಎಡಗಾಲು ಸೋತವರು ಈಗ ಆಟೊಮ್ಯಾಟಿಕ್ ಕಡೆಗೆ ಹೊರಳುತ್ತಿದ್ದಾರೆ. ಇದ್ದ ಸುಖವನ್ನು ಬಿಚ್ಚಿಹಾಕಿ, ದುಡ್ಡು ಸುರಿದು, ಮೂರನೇ ಪೆಡಲನ್ನು ಕೂರಿಸಿಕೊಳ್ಳುವುದೇಕೆ ಎಂದು ಅವರು ಕೇಳಿದರೆ ತಪ್ಪಿಲ್ಲ. ಈ ಪ್ರಶ್ನೆಗೆ ಎಸ್13 ಕಾರಿನ ಕಥೆಯಲ್ಲೇ ಉತ್ತರವಿದೆ.

ನಿಸಾನ್ 1988ರಲ್ಲಿ ಜಪಾನಿನಲ್ಲಿ ಎಸ್13 ಸಿಲ್ವಿಯಾವನ್ನು ಬಿಡುಗಡೆ ಮಾಡಿತು. ಎಂಜಿನ್ ಮುಂದೆ, ಓಡಿಸುವ ಚಕ್ರಗಳು ಹಿಂದೆ, ಮೈ ಹಗುರ, ಬೆಲೆಯೂ ಕೈಗೆಟುಕುವಂಥದ್ದು. 1991ರಲ್ಲಿ ಬಂದ ಎರಡು ಲೀಟರ್ ಟರ್ಬೊ ಎಂಜಿನ್ 205 ಅಶ್ವಶಕ್ತಿ ಕೊಡುತ್ತಿತ್ತು. ಅಮೆರಿಕಕ್ಕೆ ಇದೇ ಕಾರು 240ಎಸ್‌ಎಕ್ಸ್ ಎಂಬ ಹೆಸರಿನಲ್ಲಿ, ಟರ್ಬೊ ಇಲ್ಲದ 2.4 ಲೀಟರ್ ಎಂಜಿನ್ ಹೊತ್ತು ಹೋಯಿತು. ಅಲ್ಲಿ ಅದನ್ನು ಕೊಂಡವರಲ್ಲಿ ಎಷ್ಟೋ ಮಂದಿಗೆ ಅದು ಆಫೀಸಿಗೆ ಹೋಗಿಬರುವ ಚಂದದ ಎರಡು ಬಾಗಿಲ ಕಾರು, ಅಷ್ಟೇ. ಅವರು ನಾಲ್ಕು ಗೇರಿನ ಆಟೊಮ್ಯಾಟಿಕ್ಕನ್ನೇ ಕೇಳಿ ಪಡೆದರು.

ಆಮೇಲೆ ಡ್ರಿಫ್ಟಿಂಗ್ ಬಂತು. ಜಪಾನಿನ ಬೆಟ್ಟದ ತಿರುವುಗಳಲ್ಲಿ ಬೆಳೆದ ಆಟವದು. ಕೆಯಿಚಿ ತ್ಸುಚಿಯಾ ಅಲ್ಲೇ ಪಳಗಿ ಹೆಸರು ಮಾಡಿದವರು. ಅವರು ಮತ್ತು ದೈಜಿರೊ ಇನಾದಾ ಸೇರಿ 2000ದಲ್ಲಿ ಡಿ1 ಗ್ರ್ಯಾಂಡ್ ಪ್ರಿ ಪಂದ್ಯಾವಳಿ ಆರಂಭಿಸಿದರು. 2004ರಲ್ಲಿ ಅಮೆರಿಕದಲ್ಲಿ ಫಾರ್ಮುಲಾ ಡ್ರಿಫ್ಟ್ ಶುರುವಾಯಿತು. ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ, ಕಾರನ್ನು ಅಡ್ಡಡ್ಡಲಾಗಿ ತಿರುವಿನುದ್ದಕ್ಕೂ ಹಿಡಿದಿಡುವ ಈ ಆಟಕ್ಕೆ ಎಸ್13ರಷ್ಟು ಒಗ್ಗುವ ಅಗ್ಗದ ಕಾರು ಇನ್ನೊಂದಿರಲಿಲ್ಲ. ಹುಡುಗರು ಮ್ಯಾನುಯಲ್ ಕಾರುಗಳನ್ನೆಲ್ಲ ಎತ್ತಿಕೊಂಡರು, ಗೋಡೆಗೆ ಗುದ್ದಿಸಿ ಮುಗಿಸಿದರು. ಮಾರುಕಟ್ಟೆಯಲ್ಲಿ ಉಳಿದದ್ದು ಹಿರಿಯರು ಜತನದಿಂದ ಓಡಿಸಿದ್ದ ಆಟೊಮ್ಯಾಟಿಕ್‌ಗಳು.

ಆ ಕಾರುಗಳಲ್ಲಿ ಡ್ರಿಫ್ಟ್ ಯಾಕೆ ಆಗದು? ಮ್ಯಾನುಯಲ್ ಕಾರಿನಲ್ಲಿ ತಿರುವಿನ ಬಾಯಿಗೆ ಬಂದಾಗ ಕ್ಲಚ್ ಒತ್ತಿ, ಎಂಜಿನ್ನನ್ನು ರೇಸ್ ಮಾಡಿ, ಕ್ಲಚ್ಚನ್ನು ತಟ್ಟನೆ ಬಿಡುತ್ತಾರೆ. ತಿರುಗುತ್ತಿರುವ ಫ್ಲೈವೀಲಿನ ಭಾರವೆಲ್ಲ ಒಂದೇ ಏಟಿಗೆ ಹಿಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಕಡಿದುಹೋಗುತ್ತದೆ. ಇದಕ್ಕೆ 'ಕ್ಲಚ್ ಕಿಕ್' ಎನ್ನುತ್ತಾರೆ. ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಣ್ಣೆ ತುಂಬಿದ ಡಬ್ಬಿಯೊಳಗೆ ಎದುರುಬದುರು ಕೂತ ಎರಡು ರೆಕ್ಕೆಚಕ್ರಗಳು. ಒಂದು ತಿರುಗಿ ಎಣ್ಣೆಯನ್ನು ತಳ್ಳಿದರೆ ಆ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಏಟು ಎಷ್ಟೇ ಜೋರಾಗಿದ್ದರೂ ಎಣ್ಣೆ ಅದನ್ನು ನುಂಗಿಬಿಡುತ್ತದೆ. ಆಫೀಸಿನ ದಾರಿಯಲ್ಲಿ ವರವಾಗಿದ್ದ ಈ ಗುಣವೇ ಇಲ್ಲಿ ಅಡ್ಡಿ.

ಈ ಎರಡು ದಾರಿಗಳ ಬುಡದಲ್ಲೂ ಒಬ್ಬನೇ ಮನುಷ್ಯ ನಿಂತಿದ್ದಾನೆ. ಗೇರುಗಳು ಕಿರುಗುಟ್ಟದೆ ಸೇರುವಂತೆ ಮಾಡಿದ ಸಿಂಕ್ರೊಮೆಶ್ 1928ರಲ್ಲಿ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು, ಅದು ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರನ ಶೋಧ. ಮುಂದೆ ಹೈಡ್ರಾ-ಮ್ಯಾಟಿಕ್ ಕೆಲಸದ ಮುಂದಾಳಾದವನೂ ಅವನೇ. 1940ರ ಮಾದರಿಯ ಓಲ್ಡ್ಸ್‌ಮೊಬಿಲ್ ಕಾರುಗಳಿಗಾಗಿ 1939ರಲ್ಲಿ ಹೊರಬಂದ ಆ ಗೇರ್‌ಬಾಕ್ಸ್, ಭಾರಿ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್. ಗೇರ್ ಹಾಕುವುದನ್ನು ಹಗುರಗೊಳಿಸಿದವನೇ ಅದನ್ನು ಚಾಲಕನ ಕೈಯಿಂದ ಪೂರ್ತಿ ತೆಗೆದುಬಿಟ್ಟ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಸಾಮಾನು ಕೂಡಿಸಬೇಕು. ಬಿಡಿಬಿಡಿಯಾಗಿ ಹುಡುಕಿದರೆ ಯಾವುದೋ ಒಂದು ಸಣ್ಣ ಬ್ರಾಕೆಟ್ ಸಿಗದೆ ತಿಂಗಳುಗಟ್ಟಲೆ ಕಾರು ಸ್ಟ್ಯಾಂಡಿನ ಮೇಲೇ ನಿಲ್ಲುತ್ತದೆ. ಅದಕ್ಕೇ ಅನುಭವಿಗಳು ಮೈ ಜಜ್ಜಿಹೋದ ಮ್ಯಾನುಯಲ್ ಕಾರೊಂದನ್ನು ಇಡಿಯಾಗಿ ಕೊಂಡು, ಅದರಿಂದ ಗೇರ್‌ಬಾಕ್ಸ್, ಪೆಡಲ್‌ಗಳು, ಪ್ರೊಪೆಲ್ಲರ್ ಶಾಫ್ಟ್, ವೈರಿಂಗ್ ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ. ಬ್ಯಾಟರಿ ಕಳಚಿ, ಎಣ್ಣೆ ಇಳಿಸಿ, ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರಿಗೆ ಹೋಗುವ ಗೇರ್ ಎಣ್ಣೆಯ ಪೈಪುಗಳನ್ನು ಬಿಚ್ಚಿ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಇಳಿಸುವುದು ಬೆವರಿನ ಕೆಲಸ, ಕಷ್ಟದ್ದಲ್ಲ.

ಜಾಣ್ಮೆ ಬೇಕಾಗುವುದು ಕ್ರ್ಯಾಂಕ್ ಶಾಫ್ಟಿನ ತುದಿ ಕಣ್ಣಿಗೆ ಬಿದ್ದಾಗ. ಆಟೊಮ್ಯಾಟಿಕ್‌ನಲ್ಲಿ ಅಲ್ಲಿರುವುದು ಫ್ಲೆಕ್ಸ್ ಪ್ಲೇಟ್ ಎಂಬ ತೆಳ್ಳನೆಯ ಉಕ್ಕಿನ ತಟ್ಟೆ. ಅದನ್ನು ತೆಗೆದು ದಪ್ಪನೆಯ ಫ್ಲೈವೀಲ್ ಕೂರಿಸಬೇಕು. ತಟ್ಟೆ ತೆಳ್ಳಗಿರುವುದರಿಂದ ಅದರ ಬೋಲ್ಟುಗಳೂ ಗಿಡ್ಡ. ಅವನ್ನೇ ಫ್ಲೈವೀಲಿಗೆ ಹಾಕಿದರೆ ನಾಲ್ಕಾರು ಸುತ್ತು ಎಳೆಯಷ್ಟೇ ಕಚ್ಚುತ್ತವೆ, ಮೇಲೆ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವ ಕಬ್ಬಿಣದ ಚಕ್ರ ಚಾಲಕನ ಪಾದದಿಂದ ಎರಡಡಿ ದೂರದಲ್ಲಿದೆ ಎಂಬುದನ್ನು ನೆನೆದರೆ ಆ ಬೋಲ್ಟುಗಳ ಬೆಲೆ ತಿಳಿಯುತ್ತದೆ.

ಕ್ರ್ಯಾಂಕಿನ ನಡುವಿನ ಗುಂಡಿಯಲ್ಲಿ ಪೈಲಟ್ ಬುಶ್ ಇರಬೇಕು. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂಗು ಅದರೊಳಗೆ ಕೂತು ತಿರುಗುತ್ತದೆ. ಆಟೊಮ್ಯಾಟಿಕ್ ಎಂಜಿನ್ನಿನಲ್ಲಿ ಅಲ್ಲಿ ಟಾರ್ಕ್ ಕನ್ವರ್ಟರಿಗಾಗಿ ಬೇರೊಂದು ತುಂಡು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಹೊರಗೆಳೆಯಲು ಹಳೆಯ ಮೆಕ್ಯಾನಿಕ್ಕುಗಳ ಉಪಾಯವೊಂದಿದೆ. ಗುಂಡಿಯ ತುಂಬ ಗ್ರೀಸ್ ತುರುಕಿ, ತೂತಿಗೆ ಬಿಗಿಯಾಗಿ ಹೊಂದುವ ಸರಳೊಂದನ್ನು ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಒಳಗಿನ ಗ್ರೀಸಿಗೆ ಹೋಗಲು ಬೇರೆ ದಾರಿಯಿಲ್ಲದೆ ಹಿಂದಿನಿಂದ ಆ ತುಂಡನ್ನೇ ಹೊರಕ್ಕೆ ತಳ್ಳುತ್ತದೆ. ಈ ಬುಶ್ಶನ್ನು ಮರೆತವರಿಗೆ ಗೇರ್‌ಬಾಕ್ಸನ್ನು ಮತ್ತೆ ಇಳಿಸದೆ ಗತಿಯಿಲ್ಲ.

ಆಮೇಲೆ ಕ್ಲಚ್ ಪ್ಲೇಟು, ಅದರ ಮೇಲೆ ಪ್ರೆಶರ್ ಪ್ಲೇಟು. ಪ್ಲೇಟು ನಡುಮಧ್ಯಕ್ಕೆ ನಿಲ್ಲಲೆಂದು ಪ್ಲಾಸ್ಟಿಕ್ಕಿನ ಹುಸಿ ಶಾಫ್ಟೊಂದನ್ನು ತೂರಿಸಿಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತಾರೆ. ಹೊಸ ಗೇರ್‌ಬಾಕ್ಸನ್ನು ಏರಿಸುವಾಗ ಅದರ ಭಾರ ಒಂದು ಗಳಿಗೆಯೂ ಪ್ಲೇಟಿನ ಮೇಲೆ ತೂಗಬಾರದು. ಕೊನೆಯ ಬೆರಳಗಲದಷ್ಟು ಸಂದಿ ಮುಚ್ಚದೆ ಸತಾಯಿಸುತ್ತದೆ. ಆಗ ಬೋಲ್ಟು ಬಿಗಿದು ಎಳೆದುಬಿಡೋಣ ಎನಿಸುವುದು ಸಹಜ. ಒಳ್ಳೆಯ ಕಸುಬುದಾರ ಹಾಗೆ ಮಾಡುವುದಿಲ್ಲ. ಮತ್ತೆ ಹಿಂದಕ್ಕೆ ಸರಿಸಿ, ಶಾಫ್ಟನ್ನು ಒಂದು ಹಲ್ಲಿನಷ್ಟು ತಿರುಗಿಸಿ, ಕೋನ ಸರಿಮಾಡಿ, ತಾನಾಗಿ ಸರಿದು ಕೂರುವವರೆಗೆ ಕಾಯುತ್ತಾನೆ.

ಪೆಡಲುಗಳದು ಇನ್ನೊಂದು ಬಗೆಯ ತಪಸ್ಸು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಸೊಂಟ ಬಾಗಿಲ ಹೊಸ್ತಿಲ ಮೇಲೆ, ಕಾಲು ಹೊರಗೆ ಚಾಚಿ ಮಲಗಿ ಮಾಡಬೇಕು. ಆಟೊಮ್ಯಾಟಿಕ್ಕಿನ ಅಗಲವಾದ ಬ್ರೇಕ್ ಪೆಡಲನ್ನು ತೆಗೆದು ಕಿರಿದಾದುದನ್ನು ಹಾಕಿ, ಪಕ್ಕದಲ್ಲಿ ಕ್ಲಚ್ ಪೆಡಲಿನ ಬ್ರಾಕೆಟ್ ಕೂರಿಸುತ್ತಾರೆ. ಕಾರ್ಖಾನೆ ಬಿಟ್ಟಿದ್ದ ಗುಳಿಗಳಲ್ಲಿ ಡ್ರಿಲ್ ಇಳಿಯುವುದು ಈಗ. ಮಾಸ್ಟರ್ ಸಿಲಿಂಡರ್ ಬಿಗಿದು, ಪೈಪು ಎಳೆದು, ಗೇರ್‌ಬಾಕ್ಸಿನ ಬದಿಯ ಸ್ಲೇವ್ ಸಿಲಿಂಡರಿಗೆ ಕೂಡಿಸಿ ಗಾಳಿ ತೆಗೆಯುತ್ತಾರೆ. ಎಸ್13ರಲ್ಲಿ ನಡುವೆ ಒಂದು ಡ್ಯಾಂಪರ್ ಇದೆ, ಅದರ ಗಾಳಿಯನ್ನು ಬೇರೆಯಾಗಿಯೇ ತೆಗೆಯಬೇಕು. ಅದನ್ನು ಬಿಟ್ಟರೆ ಪೆಡಲ್ ಎಷ್ಟು ಒತ್ತಿದರೂ ಮೆತ್ತಗೇ ಇರುತ್ತದೆ.

ವೈರಿಂಗ್ ಈ ಕಸುಬಿನ ಒರೆಗಲ್ಲು ಎಂಬುದು ನನ್ನ ಅಭಿಪ್ರಾಯ. ಆಟೊಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಅದನ್ನು ಹೇಳುವ ಸ್ವಿಚ್ಚು ಹಳೆಯ ಗೇರ್‌ಬಾಕ್ಸಿನ ಜೊತೆಗೇ ಹೋಯಿತು. ಎರಡು ವೈರುಗಳನ್ನು ಹೊಸೆದು ಟೇಪು ಸುತ್ತಿದರೆ ಕಾರೇನೋ ಸ್ಟಾರ್ಟ್ ಆಗುತ್ತದೆ, ಆದರೆ ಗೇರಿನಲ್ಲಿದ್ದಾಗಲೂ ಆಗುತ್ತದೆ. ಮಗುವೊಂದು ಕೀ ತಿರುಗಿಸಿದರೆ ಕಾರು ಮುಂದಕ್ಕೆ ನೆಗೆಯುತ್ತದೆ. ಮನಸ್ಸಿಟ್ಟು ದುಡಿಯುವವನು ಆ ವೈರುಗಳನ್ನು ಕ್ಲಚ್ ಪೆಡಲಿನ ಸ್ವಿಚ್ಚಿಗೆ ತರುತ್ತಾನೆ, ಕ್ಲಚ್ ಒತ್ತದೆ ಎಂಜಿನ್ ಏಳದ ಹಾಗೆ ಮಾಡುತ್ತಾನೆ. ರಿವರ್ಸ್ ದೀಪಕ್ಕೆ ಹೊಸ ಗೇರ್‌ಬಾಕ್ಸಿನ ಸ್ವಿಚ್ಚಿನಿಂದ ದಾರಿ ಮಾಡಬೇಕು. ಪಾರ್ಕ್‌ಗೆ ತರದೆ ಕೀ ಹೊರಬರದ ಬೀಗವಿದ್ದರೆ ಅದನ್ನೂ ಬಿಡಿಸಬೇಕು. ಪಾರ್ಕ್ ಎಂಬುದೇ ಹೋದ ಮೇಲೆ ಇಳಿಜಾರಿನಲ್ಲಿ ಕಾರನ್ನು ಹಿಡಿಯುವ ಹೊಣೆ ಹ್ಯಾಂಡ್ ಬ್ರೇಕಿನದು, ಅದನ್ನು ಹೊಸದಾಗಿ ಹೊಂದಿಸದೆ ಕಾರು ಹೊರಗೆ ಬಿಡಬಾರದು. ಹೊರಗಿನಿಂದ ಇವು ಯಾವುವೂ ಕಾಣುವುದಿಲ್ಲ. ಕೆಲಸ ಕಾರ್ಖಾನೆಯದೋ ಗ್ಯಾರೇಜಿನದೋ ಎಂದು ಗುರುತಿಸಲಾಗದಂತೆ ಮಾಡುವುದರಲ್ಲೇ ಈ ಕಸುಬಿನ ಘನತೆ ಇದೆ.

ಎಲ್ಲ ಕಾರೂ ಎಸ್13ರಷ್ಟು ಸುಲಭವಲ್ಲ. ಟೊಯೋಟಾದ ನಾಲ್ಕನೇ ತಲೆಮಾರಿನ ಸುಪ್ರಾ 1993ರಿಂದ 2002ರವರೆಗೆ ತಯಾರಾಯಿತು. ಅದರ ಟರ್ಬೊ ಕಾರಿಗೆ ಹಾಕುತ್ತಿದ್ದ ಆರು ಗೇರಿನ ಗೆಟ್ರಾಗ್ ಗೇರ್‌ಬಾಕ್ಸ್ ಈಗ ಸಿಗುವುದೇ ಅಪರೂಪ, ಸಿಕ್ಕರೂ ಬೆಲೆ ಕೇಳಿ ಬೆಚ್ಚಬೇಕು. ಹಾಗಾಗಿ ಆಟೊಮ್ಯಾಟಿಕ್ ಸುಪ್ರಾ ಇರುವವರು ಹಿಂದಿನ ತಲೆಮಾರಿನ ಟರ್ಬೊ ಸುಪ್ರಾದಲ್ಲಿದ್ದ ಐದು ಗೇರಿನ ಆರ್154ರ ಮೊರೆಹೋಗುತ್ತಾರೆ. ಕನ್ನಡ ನೆಲಕ್ಕೂ ಈ ಕಥೆಯಲ್ಲೊಂದು ಕೊಂಡಿಯಿದೆ. ಆರ್154 ಟೊಯೋಟಾದ ಆರ್ ಸರಣಿಯ ಮ್ಯಾನುಯಲ್ ಗೇರ್‌ಬಾಕ್ಸ್. ಅದೇ ಸರಣಿಯ ಗೇರ್‌ಬಾಕ್ಸುಗಳು 2004ರಿಂದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಹೊರದೇಶಗಳ ಟೊಯೋಟಾ ಕಾರ್ಖಾನೆಗಳಿಗೆ ಹೋದವು.

ದುಬಾರಿ ಕಾರುಗಳ ಲೋಕದಲ್ಲಿ ಇದೇ ಕಸುಬಿನ ಇನ್ನೊಂದು ಕವಲಿದೆ. ಜಾನ್ ಬರ್ನಾರ್ಡ್ ವಿನ್ಯಾಸದ ಫೆರಾರಿ ರೇಸ್ ಕಾರು 1989ರ ಬ್ರೆಜಿಲ್ ಗ್ರ್ಯಾಂಡ್ ಪ್ರಿಯಲ್ಲಿ ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ಗಳಿಂದ ಗೇರ್ ಬದಲಿಸುತ್ತ ಮೊದಲ ಪಂದ್ಯದಲ್ಲೇ ಗೆದ್ದಿತು, ಓಡಿಸಿದವರು ನೈಜೆಲ್ ಮ್ಯಾನ್ಸೆಲ್. 1997ರಲ್ಲಿ ಆ ತಂತ್ರ 355 ಎಫ್1 ಎಂಬ ರಸ್ತೆಯ ಕಾರಿಗೆ ಇಳಿಯಿತು. ಇಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಒಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವುದೂ ಗೇರ್ ಹಾಕುವುದೂ ಹೈಡ್ರಾಲಿಕ್ ಪಂಪಿನ ಕೆಲಸ. ಬಿಎಂಡಬ್ಲ್ಯು 2000ದಿಂದ 2006ರವರೆಗೆ ಮಾಡಿದ ಎಂ3 ಕಾರಿನ ಎಸ್‌ಎಂಜಿ ಗೇರ್‌ಬಾಕ್ಸಿನದೂ ಇದೇ ಕಥೆ. ವಯಸ್ಸಾದಂತೆ ಪಂಪು ಕೈಕೊಡುತ್ತದೆ, ರಿಪೇರಿ ತುಟ್ಟಿ. ಆಗ ಮಾಲೀಕರು ಪಂಪನ್ನೇ ಕಿತ್ತು ಪೆಡಲನ್ನೂ ಗೇರ್ ಲಿವರನ್ನೂ ಹಾಕಿಸಿಕೊಳ್ಳುತ್ತಾರೆ. ಕಷ್ಟವಿರುವುದು ಕಾರಿನ ಕಂಪ್ಯೂಟರಿನಲ್ಲಿ. ಪಂಪು ಹೋಯಿತೆಂದು ಅದನ್ನು ಒಪ್ಪಿಸದಿದ್ದರೆ ದೋಷದ ದೀಪ ಆರುವುದೇ ಇಲ್ಲ.

ಇವತ್ತಿನ ಆಟೊಮ್ಯಾಟಿಕ್ ಮನುಷ್ಯನ ಕೈಗಿಂತ ಬೇಗ ಗೇರ್ ಬದಲಿಸುತ್ತದೆ. ಸ್ವಾಪ್ ಮಾಡಿಸಿದ ಕಾರು ಗಡಿಯಾರದ ಲೆಕ್ಕದಲ್ಲಿ ಹಿಂದೆ ಬೀಳಬಹುದು, ಇದನ್ನು ಮುಚ್ಚಿಡುವ ಅಗತ್ಯ ಈ ಕಸುಬಿಗಿಲ್ಲ. ಎಂಜಿನ್ನಿನ ದನಿ ಕೇಳಿ, ತಿರುವು ಬರುವ ಮುಂಚೆ ಗೇರ್ ಇಳಿಸಿ, ಅದು ಸರಿಯಾಗಿ ಕೂತಾಗ ಸಿಗುವ ಸಂತೋಷಕ್ಕೆ ಜನ ದುಡ್ಡು ಕೊಡುತ್ತಿದ್ದಾರೆ. ಈ ಬೇಡಿಕೆ ಕಾರ್ಖಾನೆಗಳಿಗೂ ಕೇಳಿಸಿದೆ. 2013ರಲ್ಲಿ ಪೋರ್ಷೆ 911 ಜಿಟಿ3 ಮ್ಯಾನುಯಲ್ ಇಲ್ಲದೆ ಬಂತು, 2017ರಲ್ಲಿ ಕಂಪನಿಯೇ ಅದನ್ನು ಮರಳಿ ಕೊಟ್ಟಿತು. 2019ರಲ್ಲಿ ಆಟೊಮ್ಯಾಟಿಕ್ ಆಗಿಯಷ್ಟೇ ಮರಳಿದ ಟೊಯೋಟಾ ಸುಪ್ರಾಗೆ 2022ರಲ್ಲಿ ಆರು ಗೇರಿನ ಮ್ಯಾನುಯಲ್ ಸೇರಿತು.

ನಮ್ಮ ದೇಶದಲ್ಲಿ ಇದನ್ನು ಮಾಡಿಸಬೇಕೆನ್ನುವವರು ಮೊದಲು ಕಾನೂನು ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊರತಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹೊರದೇಶದಲ್ಲಿದ್ದು ಸ್ವಾಪ್ ಆದ ಕಾರನ್ನು ಕೊಳ್ಳಹೊರಟ ನಮ್ಮವರು ಬಣ್ಣಕ್ಕೆ ಮರುಳಾಗದೆ ಒಂದಿಷ್ಟು ಪರೀಕ್ಷೆ ಮಾಡಲಿ. ಕ್ಲಚ್ ಒತ್ತದೆ ಕೀ ತಿರುಗಿಸಿ ನೋಡಿ, ಸ್ಟಾರ್ಟ್ ಆದರೆ ವೈರಿಂಗ್ ಅವಸರದ್ದು. ರಿವರ್ಸ್ ದೀಪ ಹತ್ತುತ್ತದೆಯೇ, ಸ್ಪೀಡೊಮೀಟರ್ ಸರಿ ತೋರಿಸುತ್ತದೆಯೇ, ಹ್ಯಾಂಡ್ ಬ್ರೇಕ್ ಇಳಿಜಾರಿನಲ್ಲಿ ಹಿಡಿಯುತ್ತದೆಯೇ ಎಂದು ನೋಡಿ. ಕಾರನ್ನು ಲಿಫ್ಟ್ ಮೇಲೆ ಏರಿಸಿ ಗೇರ್‌ಬಾಕ್ಸನ್ನು ಹೊತ್ತ ಅಡ್ಡಪಟ್ಟಿ, ಅಂದರೆ ಕ್ರಾಸ್‌ಮೆಂಬರ್, ಮ್ಯಾನುಯಲ್ ಕಾರಿನದೇ ಎಂದು ಗಮನಿಸಿ. ಬೋಲ್ಟುಗಳ ರಸೀದಿ ಇಟ್ಟುಕೊಂಡಿರುವ ಮಾಲೀಕ ಸಿಕ್ಕರೆ ಬೆಲೆಯ ವಿಚಾರದಲ್ಲಿ ಹೆಚ್ಚು ಚೌಕಾಶಿ ಮಾಡಬೇಡಿ.